ಬೆಳಗಿನ ನೀಲಿ ಪಂಜರಗಳು

ಟಿಕ್.

ತಂಗಿ ಹೊದಿಕೆಯೊಳಗೇ ಕಣ್ಣು ಬಿಟ್ಟಳು. ಮಾತ್ರೆಯ ಹಾಳೆಯ ಬೆನ್ನಿನ ತೆಳು ತಗಡು ಒಡೆಯುವ ಸದ್ದು ಅದು. ಗೋಡೆಯಾಚೆ ಲಿಫ್ಟು ಏರಿಳಿದರೂ, ಕೆಳಗಿನ ರಸ್ತೆಯಲ್ಲಿ ಲಾರಿ ಗೇರು ಬದಲಿಸಿದರೂ ಅವಳಿಗೆ ಎಚ್ಚರವಾಗುತ್ತಿರಲಿಲ್ಲ. ಈ ಸದ್ದಿಗೆ ಮಾತ್ರ, ಎಂಥ ನಿದ್ದೆಯಲ್ಲಿದ್ದರೂ, ಆಗುತ್ತಿತ್ತು. ಒಂದು ಟಿಕ್ ಎಂದರೆ ಅಕ್ಕ ಡಾಕ್ಟರು ಹೇಳಿದಷ್ಟೇ ತೆಗೆದುಕೊಂಡಳು ಎಂದು ಲೆಕ್ಕ. ಉಸಿರು ಬಿಗಿಹಿಡಿದು ಕಾದಳು.

ಟಿಕ್.

“ಅಕ್ಕ, ಎರಡಾಯ್ತು.”

“ಮಲಗೇ ಸುಮ್ನೆ. ನಿನ್ನ ಕಿವಿಗೂ ಒಂದು ಮಾತ್ರೆ ಬರ್ಸಬೇಕು ಡಾಕ್ಟರ ಹತ್ರ.”

“ಹೋದ ಸಲ ತಗೊಂಡು ಇನ್ನೂ ಎರಡು ಗಂಟೆ ಆಗಿಲ್ಲ.”

“ಅದನ್ನ ನನ್ನ ಬೆನ್ನಿಗೆ ಹೇಳು. ಅದಕ್ಕೆ ಗಡಿಯಾರ ನೋಡೋಕೆ ಬರಲ್ಲ.”

ತಂಗಿ ಎದ್ದು ದೀಪ ಹಾಕಿದಳು. ಅಕ್ಕ ಮಂಚದ ಅಂಚಿನಲ್ಲಿ ಮಡಿಲ ಮೇಲೆ ಎರಡು ದಿಂಬು ಪೇರಿಸಿಕೊಂಡು, ಹೊಲಿಗೆ ಯಂತ್ರದ ಮುಂದೆ ಕೂತ ಹಾಗೆ ಮುಂದಕ್ಕೆ ಬಾಗಿ ಕೂತಿದ್ದಳು. ಇಪ್ಪತ್ತಾರು ವರ್ಷ ಹಾಗೇ ಕೂತು ಊರವರ ಬಟ್ಟೆ ಹೊಲಿದವಳು. ಎದೆಯಲ್ಲಿ ಶುರುವಾದ ಗಡ್ಡೆ ಈಗ ಬೆನ್ನುಮೂಳೆಗೆ ಇಳಿದು ಅಲ್ಲಿನ ನರಗಳನ್ನು ಒತ್ತುತ್ತಿತ್ತು. ಮೊದಮೊದಲು ಅರ್ಧ ಮಾರ್ಫಿನ್ ಮಾತ್ರೆಗೆ ಬೆಳಗಿನವರೆಗೆ ನಿದ್ದೆ ಬರುತ್ತಿತ್ತು. ಈಗ ಎರಡು ನುಂಗಿದರೂ ಬಾಯಿ ಒಣಗುತ್ತಿತ್ತು, ಹೊಟ್ಟೆ ಕಟ್ಟುತ್ತಿತ್ತು, ನೋವು ಮಾತ್ರ ಇದ್ದಲ್ಲೇ ಇರುತ್ತಿತ್ತು.

“ನಿನ್ನ ಮಕ್ಕಳು ಹೇಗಿವೆ?” ಅಕ್ಕ ಕೇಳಿದಳು. ಮಕ್ಕಳು ಎಂದರೆ ತಂಗಿ ಪ್ರಯೋಗಾಲಯದಲ್ಲಿ ನೋಡಿಕೊಳ್ಳುವ ಇಲಿಗಳು.

“ಚೆನ್ನಾಗಿವೆ.”

“ನಿದ್ದೆ ಮಾಡ್ತವಾ?”

“ಹಗಲು ಮಾಡ್ತವೆ. ರಾತ್ರಿ ಎದ್ದಿರ್ತವೆ.”

“ನನ್ನ ಜಾತಿಯೇ ಹಾಗಾದ್ರೆ,” ಎಂದು ಅಕ್ಕ ನಕ್ಕಳು. ನಗುವಿನ ಕೊನೆಗೆ ಹಲ್ಲು ಕಚ್ಚಿಕೊಂಡಳು. ತಂಗಿ ಅವಳ ಸೊಂಟದ ಮೇಲೆ ಅಂಗೈ ಇಟ್ಟು, ಒತ್ತದೆ, ಸುಮ್ಮನೆ ಇಟ್ಟುಕೊಂಡೇ ಇದ್ದಳು. ಒತ್ತಿದರೆ ನೋವು, ತೆಗೆದರೆ ಭಯ.

ಮಾತ್ರೆ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ಆ ಮನೆಯಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಅದನ್ನು ತಿಳಿಯುವುದೇ ಹನ್ನೊಂದು ವರ್ಷದಿಂದ ಅವಳ ಕೆಲಸ. ನರಕ್ಕೆ ಏಟಾದಾಗ ಬೆನ್ನುಹುರಿಯ ಜೀವಕೋಶಗಳು ಮಾರ್ಫಿನ್ ಬಂದು ಕೂರುವ ಜಾಗಗಳನ್ನು ಒಂದೊಂದಾಗಿ ಮುಚ್ಚಿಬಿಡುತ್ತವೆ. ಔಷಧಿ ಬರುತ್ತದೆ, ಕೂರಲು ಜಾಗ ಸಿಗದೆ ಹೊರಟುಹೋಗುತ್ತದೆ. ಅವಳ ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ಬರೀ ಮೇಡಂ ಎನ್ನುವವರು, ಆರು ವರ್ಷದಿಂದ ಬೆನ್ನು ಹತ್ತಿದ್ದು ಇದಕ್ಕೇ. ರೋಗ ತರುವ ಶಕ್ತಿ ತೆಗೆದುಹಾಕಿದ ವೈರಸ್ಸಿನೊಳಗೆ ಒಂದು ಜೀನ್ ತುಂಬಿ, ಕಾಲಿನ ನರಕ್ಕೆ ಪೆಟ್ಟಾಗಿರುವ ಬಿಳಿ ಇಲಿಯ ಬೆನ್ನುಹುರಿಗೆ ಬಿಡುವುದು. ಆ ಜೀನ್ ಮುಚ್ಚಿದ ಜಾಗಗಳನ್ನು ಮತ್ತೆ ತೆರೆಸಿದರೆ, ಚೂರೇ ಚೂರು ಮಾರ್ಫಿನ್ನಿಗೂ ನೋವು ಇಳಿಯಬೇಕು.

ಅರ್ಧ ಇಲಿಗಳಿಗೆ ಜೀನ್ ಇರುವ ವೈರಸ್, ಉಳಿದರ್ಧಕ್ಕೆ ಖಾಲಿ ವೈರಸ್. ಒಂದು ಗುಂಪಿನ ಪಂಜರಗಳಿಗೆ ನೀಲಿ ಚೀಟಿ, ಇನ್ನೊಂದಕ್ಕೆ ಹಳದಿ. ಯಾವ ಬಣ್ಣ ಯಾವುದೆಂದು ಮೇಡಂ ಬೀರುವಿನ ಲಕೋಟೆಯಲ್ಲಿತ್ತು. ತಂಗಿಗೆ ಗೊತ್ತಿರಲಿಲ್ಲ, ಗೊತ್ತಿರಬಾರದು. ಅವಳ ಪಾಲಿಗೆ ಇದ್ದದ್ದು ಹಾಟ್‌ಪ್ಲೇಟು ಮತ್ತು ಸ್ಟಾಪ್‌ವಾಚು. ಬಿಸಿ ಲೋಟ ಹಿಡಿದಾಗ ನಾವು ಕೈ ಬದಲಾಯಿಸುತ್ತೇವಲ್ಲ, ಅಷ್ಟು ಬಿಸಿಯ ತಟ್ಟೆ. ಮಾರ್ಫಿನ್ ಕೊಟ್ಟ ಇಲಿಯನ್ನು ಅದರ ಮೇಲೆ ಬಿಟ್ಟು, ಅದು ಹಿಂಗಾಲು ನೆಕ್ಕಿಕೊಂಡ ಕ್ಷಣ ಗುಂಡಿ ಒತ್ತಿ ಎತ್ತಿಬಿಡಬೇಕು. ಎಷ್ಟು ಹೊತ್ತು ತಡೆದರೆ ಅಷ್ಟು ನೋವು ಕಡಿಮೆ. ಮೂವತ್ತು ಸೆಕೆಂಡಾದರೆ ನೆಕ್ಕದಿದ್ದರೂ ಎತ್ತಬೇಕು. ಅವಳು ಇಪ್ಪತ್ತೊಂಬತ್ತಕ್ಕೇ ಎತ್ತುತ್ತಿದ್ದಳು.

ಹಳದಿ ಇಲಿಗಳು ಹತ್ತು, ಹನ್ನೊಂದು ಸೆಕೆಂಡು ತಡೆದವು. ನೀಲಿಯವು ಹತ್ತೊಂಬತ್ತು, ಇಪ್ಪತ್ತು. ಎರಡು ಸುತ್ತು ಮುಗಿದ ಮೇಲೆ, ವರ್ಷದ ವರದಿ ಕಳಿಸಬೇಕೆಂದು ಮೇಡಂ ಲಕೋಟೆ ಒಡೆದರು. ನೀಲಿಯೇ ಜೀನ್. ಮೇಡಂ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

ಆ ಸಂಜೆ ತಂಗಿ ಮೆಟ್ಟಿಲು ಹತ್ತುವಾಗಲೇ ಮುಖ ಸರಿಮಾಡಿಕೊಂಡಿದ್ದಳು. ಆದರೆ ಅಕ್ಕನ ಕಣ್ಣು ಟೈಲರಿನ ಕಣ್ಣು, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೋಡಿದೊಡನೆ ತಿಳಿಯುತ್ತಿತ್ತು. ಎಲ್ಲ ಹೇಳಿಸಿಕೊಂಡಳು.

“ಮನುಷ್ಯರಿಗೆ ಬರೋಕೆ ಹತ್ತು ವರ್ಷ ಬೇಕಕ್ಕ.”

“ಮೊದಲು ಯಾರಿಗಾದ್ರೂ ಕೊಟ್ಟು ನೋಡ್ಲೇಬೇಕಲ್ಲ. ನನ್ನ ಹೆಸರು ಬರ್ಸು. ಸತ್ತರೂ ನಷ್ಟವಿಲ್ಲದ ಗಿರಾಕಿ ಅಂತ ಬರ್ಸು. ಕೇಳ್ತೀಯಾ?”

ಜೀವಮಾನವಿಡೀ ಒಂದೊಂದು ಮಾತನ್ನೂ ಅಳೆದು ಆಡಿದ ತಂಗಿ ಅಂದು ಅಳೆಯದೆ ಹೇಳಿದ್ದು ಒಂದೇ ಒಂದು ಮಾತು. “ಕೇಳ್ತೀನಿ.”

ಅವಳು ಕೇಳಲಿಲ್ಲ. ಕೇಳುವಂಥದ್ದೇ ಅಲ್ಲ ಅದು. ಆದರೆ ಆ ಒಂದು ಮಾತನ್ನು ಹಿಡಿದುಕೊಂಡು ಅಕ್ಕ ಆಸ್ಪತ್ರೆಯಲ್ಲಿ ಸೂಜಿ ಬೇಡ ಎಂದುಬಿಟ್ಟಳು.

ನೋವಿನ ಡಾಕ್ಟರು ಅದೇ ವಾರ ಒಂದು ದಾರಿ ತೋರಿಸಿದ್ದರು. ಬೆನ್ನಿಗೆ ಸೂಜಿ ಹಾಕಿ ಆ ನರಗಳನ್ನು ಸುಟ್ಟುಬಿಡುವುದು. ನೋವು ಹೋಗುತ್ತದೆ, ಜೊತೆಗೆ ಕಾಲಿನ ಬಲವೂ ಮೂತ್ರದ ಹಿಡಿತವೂ ಹೋಗುತ್ತವೆ. ಮೂರು ವಾರದೊಳಗೆ ಹೇಳಬೇಕು. ರಕ್ತ ಹೆಪ್ಪುಗಟ್ಟುವ ಶಕ್ತಿ ಇಳಿದುಹೋದರೆ ಬೆನ್ನಿಗೆ ಸೂಜಿ ಮುಟ್ಟಿಸಲಾಗದು. “ಸೂಜಿಯಲ್ಲೇ ಅನ್ನ ತಿಂದವಳು ನಾನು, ಸೂಜಿಗೆ ಹೆದರಲ್ಲ,” ಎಂದಿದ್ದಳು ಅಕ್ಕ. “ಆದ್ರೆ ಬಚ್ಚಲಿಗೆ ನನ್ನ ಕಾಲಲ್ಲೇ ಹೋಗ್ಬೇಕು. ನಮ್ಮ ಪುಟ್ಟಿ ಔಷಧಿ ಬರೋ ತನಕ ತಡ್ಕೋತೀನಿ.” ತಂಗಿ ಪಕ್ಕದಲ್ಲೇ ನಿಂತಿದ್ದಳು. ಅದಾಗಿ ಮೂರು ವಾರವಾಗುತ್ತ ಬಂತು. ಶುಕ್ರವಾರಕ್ಕೆ ಗಡುವು. ಇನ್ನೆರಡು ದಿನ.

ಬೆಳಗ್ಗೆ ಆರೂವರೆಗೆ ಭಾವ ಬಂದ. ಕೋಲ್ಡ್ ಸ್ಟೋರೇಜಿನಲ್ಲಿ ರಾತ್ರಿಪಾಳಿ; ಮಂಜುಗಟ್ಟಿದ ಪೆಟ್ಟಿಗೆಗಳನ್ನು ಇಳಿಸಿ ಏರಿಸುವ ಕೆಲಸ. ಇವನು ಒಳಗೆ ಬರುವ, ಇವಳು ಹೊರಗೆ ಹೋಗುವ ಹೊತ್ತು ಒಂದೇ ಆದ್ದರಿಂದ ಬಾಗಿಲಲ್ಲೇ ಪಾಳಿ ಬದಲಾಗುತ್ತಿತ್ತು.

“ಎಷ್ಟು?” ಭಾವ ಪಿಸುಗುಟ್ಟಿದ.

“ಐದು ಮಾತ್ರೆ. ನಾಲ್ಕಕ್ಕೆ ಒಂದಿಷ್ಟು ಕಣ್ಣು ಮುಚ್ಚಿದ್ಲು. ನಿನ್ನೆ ಆಸ್ಪತ್ರೆಯವರು ರಕ್ತ ತಗೊಂಡ್ರಲ್ಲ, ಫೋನ್ ಮಾಡಿದ್ರೆ ನೀವೇ ಮಾತಾಡಿ.”

“ಆಯ್ತು.” ಅವನು ಬೂದು ಸ್ವೆಟರನ್ನು ತಲೆಯ ಮೇಲಿಂದ ಕಳಚಿ ಅವಳ ಹೆಗಲ ಮೇಲೆ ಹಾಕಿದ. ಚಳಿ ಬಿದ್ದಾಗಿನಿಂದ ದಿನವೂ ಹಾಗೆಯೇ. ರಾತ್ರಿಯೆಲ್ಲ ಪೆಟ್ಟಿಗೆ ಹೊತ್ತ ಮೈಯ ಬಿಸಿ ಅದರಲ್ಲಿ ಇನ್ನೂ ಇರುತ್ತಿತ್ತು. ಮೊಣಕೈಗೆ ಅಕ್ಕ ಹಾಕಿದ ಚರ್ಮದ ತೇಪೆ. “ನಿನ್ನ ಆ ಲ್ಯಾಬು ನಮ್ಮ ಗೋಡೌನಿಗಿಂತ ತಣ್ಣಗಿರುತ್ತೆ ಅಂತೀಯ. ಹಾಕ್ಕೊಂಡು ಹೋಗು. ಮನೇಲಿ ಮಲಗಿರೋರು ಒಬ್ಬರು ಸಾಕು.”

ಇಲಿಗಳ ಕೋಣೆ ನೆಲಮಾಳಿಗೆಯಲ್ಲಿ. ಪಕ್ಕದ ಪರೀಕ್ಷೆಯ ಕೋಣೆಯ ಬಾಗಿಲಿಗೆ ಮೇಡಂ ಕೈಬರಹದಲ್ಲಿ ಒಂದು ಕಾಗದ ಅಂಟಿಸಿದ್ದರು: ಪರೀಕ್ಷೆಯ ದಿನ ಗಂಡಸರು ಒಳಗೆ ಬರಬಾರದು. ಗಂಡಿನ ವಾಸನೆಗೆ ಇಲಿಗಳು ಹೆದರುತ್ತವೆ. ಹೆದರಿದ ಮೈ ಓಡಲು ಸಿದ್ಧವಾಗಿ ನೋವನ್ನು ತಾನಾಗಿಯೇ ಬದಿಗೊತ್ತುತ್ತದೆ. ಆಗ ಸ್ಟಾಪ್‌ವಾಚು ಔಷಧಿಯನ್ನಲ್ಲ, ಭಯವನ್ನು ಅಳೆಯುತ್ತದೆ. ಪರೀಕ್ಷೆಗೆ ತಂಗಿಯನ್ನು ಆರಿಸಿದ್ದಕ್ಕೆ ಅದೂ ಒಂದು ಕಾರಣ. ಪಂಜರ ತೊಳೆಯುವ ಮುದುಕ, ಎಲ್ಲರ ಬಾಯಲ್ಲಿ ಇಲಿಮಾವ, ಆ ಕಾಗದ ನೋಡಿದಾಗಲೆಲ್ಲ ಗೊಣಗುತ್ತಿದ್ದ. “ಮೂವತ್ತು ವರ್ಷ ಇವುಗಳ ಹಿಕ್ಕೆ ಬಳಿದಿದೀನಿ. ಈಗ ಲೇಡೀಸ್ ಹಾಸ್ಟೆಲ್ ಮಾಡಿ ನನ್ನನ್ನ ಗೇಟಿನಲ್ಲಿ ನಿಲ್ಸಿದಾರೆ.”

ಅಂದು ಮೂರನೆಯ, ಕೊನೆಯ ಸುತ್ತು. ತಂಗಿ ಸ್ವೆಟರಿನ ಮೇಲೆ ಬಿಳಿ ಕೋಟು ಹಾಕಿ ಮೊದಲ ನೀಲಿ ಪಂಜರವನ್ನು ಟ್ರಾಲಿಗೆ ಇಳಿಸಿದಳು. ಇಲಿಮಾವ ಹಜಾರದ ತೊಟ್ಟಿಯಲ್ಲಿ ನೀರಿನ ಬಾಟಲಿ ತೊಳೆಯುತ್ತಿದ್ದವನು ತಲೆಯೆತ್ತಿದ.

“ಸ್ವಲ್ಪ ನಿಲ್ಲಿ ತಾಯಿ.” ದೂರದಿಂದಲೇ ಬಗ್ಗಿ ನೋಡಿದ. ಐದು ಇಲಿಗಳೂ ಒಂದು ಮೂಲೆಗೆ ಸೇರಿ, ಒಂದರ ಮೇಲೊಂದು ಒತ್ತಿಕೊಂಡು, ಮೀಸೆ ಕೂಡ ಅಲುಗಿಸದೆ ಕೂತಿದ್ದವು. “ನಾನು ಹತ್ರ ಹೋದಾಗ ಹೀಗೆ ಕೂರ್ತವೆ. ನಾನಿನ್ನೂ ಹೋಗೇ ಇಲ್ಲ. ನಿಮ್ಮ ಕೈಲಿ ಯಾಕೆ ಮುದುಡ್ಕೊಂಡಿದಾವೆ?”

“ಚಳಿಗೇನೋ.”

ಮುದುಕ ಮೂಗು ಅರಳಿಸಿದ. “ತಪ್ಪು ತಿಳ್ಕೋಬೇಡಿ. ನಿಮ್ಮಿಂದ ಗಂಡಸಿನ ಬೆವರಿನ ವಾಸನೆ ಬರ್ತಿದೆ.”

“ಭಾವನ ಸ್ವೆಟರು.”

“ಅಷ್ಟೇನಾ. ನಾನೆಲ್ಲೋ ಮದುವೆ ಊಟ ಹಾಕಿಸ್ತೀರಿ ಅಂದ್ಕೊಂಡೆ.” ಬಾಟಲಿಗೆ ಕೈ ಹಾಕಿದವನು ನಿಲ್ಲಿಸಿ, “ಅಲ್ಲ, ನಿಮ್ಮ ಭಾವನ ಬೆವರು ಒಳಗೆ ಹೋಗ್ಬಹುದಾದ್ರೆ ನಾನು ಮಾತ್ರ ಏನು ಪಾಪ ಮಾಡಿದ್ದೆ?” ಎಂದು ನಕ್ಕ.

ತಂಗಿ ನಗಲಿಲ್ಲ.

ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ದಾಖಲೆ ಪುಸ್ತಕ ತೆರೆದಳು. ಪುಟಕ್ಕೆ ಎರಡು ಕಾಲಮ್ಮು. ಎಡಗಡೆ ‘ಬೆಳಗ್ಗೆ, ನೀಲಿ’, ಬಲಗಡೆ ‘ಮಧ್ಯಾಹ್ನ, ಹಳದಿ’. ಗೆರೆ ಎಳೆದು ತಲೆಬರಹ ಬರೆದದ್ದು ಅವಳೇ. ಮೇಡಂ ಕೊಟ್ಟಿದ್ದು ಬೇರೆ ಪಟ್ಟಿ. ಅದರಲ್ಲಿ ಎರಡು ಬಣ್ಣವೂ ಬೆರೆತಿದ್ದವು, ಒಂದು ನೀಲಿ, ಎರಡು ಹಳದಿ, ಮತ್ತೆ ನೀಲಿ. ಆದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಒಮ್ಮೆ ಎರಡು ಪಂಜರ ಅದಲುಬದಲು ಮಾಡಿ ಒಂದು ತಿಂಗಳ ಶ್ರಮ ಹಾಳಾಗಿತ್ತು. ಅಂದಿನಿಂದ ಆ ಭಯ ಅವಳ ಬೆನ್ನು ಬಿಟ್ಟಿರಲಿಲ್ಲ. ಈ ಸಲ ಅಂಥದ್ದು ಆಗಲೇಬಾರದೆಂದು ನೀಲಿಯನ್ನೆಲ್ಲ ಬೆಳಗ್ಗೆ ಮುಗಿಸಿ, ಊಟದ ನಂತರ ಹಳದಿ ಇಟ್ಟುಕೊಂಡಿದ್ದಳು. ಇಲಿಗಳು ಅವೇ, ಲೆಕ್ಕವೂ ಅದೇ, ಇದರಲ್ಲೇನಿದೆ ಎಂದು ಮೇಡಂಗೆ ಹೇಳಿರಲಿಲ್ಲ; ಅವರು ನೋಡುತ್ತಿದ್ದದ್ದು ಅಂಕಿಗಳನ್ನು ಮಾತ್ರ.

ಬೆಳಗ್ಗೆ ಕೋಣೆ ಕೊರೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಾಟ್‌ಪ್ಲೇಟಿನ ಬಿಸಿ ತುಂಬಿ ಸೆಖೆಯಾಗುತ್ತಿತ್ತು. ಊಟಕ್ಕೆ ಹೋದಾಗ ಅವಳು ಸ್ವೆಟರು ತೆಗೆದು ಮೇಲಿನ ಮಹಡಿಯ ಲಾಕರಿಗೆ ಹಾಕಿ, ಕೈತೊಳೆದು ಬರುತ್ತಿದ್ದಳು. ದಿನವೂ ಹಾಗೆಯೇ.

ಎಡ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅವಳದೇ ಸಣ್ಣ ಅಕ್ಷರ: ‘ತಟ್ಟೆಯ ಮೇಲೆ ಹಿಕ್ಕೆ ಜಾಸ್ತಿ.’ ಹೆದರಿದ ಇಲಿ ಹಿಕ್ಕೆ ಹಾಕುತ್ತದೆ. ಎರಡು ಸುತ್ತಿನಲ್ಲೂ, ನೀಲಿಯ ಪಕ್ಕ ಮಾತ್ರ, ಒಂಬತ್ತು ಕಡೆ ಹಾಗೆ ಬರೆದಿದ್ದಳು. ಏನನ್ನೂ ಬಿಡದೆ ನೋಡುವವಳು ಎಂದು ಹೆಸರು ಪಡೆದವಳು. ಎಲ್ಲವನ್ನೂ ನೋಡಿದ್ದಳು, ಮೈಮೇಲಿದ್ದದ್ದೊಂದನ್ನು ಬಿಟ್ಟು.

ಅವಳು ನೀಲಿ ಪಂಜರವನ್ನು ಹಿಂದಕ್ಕಿಟ್ಟು ಹಳದಿಯನ್ನು ತಂದಳು. ಸ್ವೆಟರು ಮೈಮೇಲಿತ್ತು. ಮಾರ್ಫಿನ್ ಕೊಟ್ಟು ಅರ್ಧ ಗಂಟೆ ಕಾದು ಮೊದಲನೆಯದನ್ನು ತಟ್ಟೆಯ ಮೇಲೆ ಬಿಟ್ಟಳು. ಹನ್ನೊಂದು ಸೆಕೆಂಡು ದಾಟಿತು. ನೆಕ್ಕು, ಎಂದಳು ಮನಸ್ಸಿನಲ್ಲಿ. ಹಿಂದೆಂದೂ ಯಾವ ಇಲಿಗೂ ಹಾಗೆ ಹೇಳಿದವಳಲ್ಲ. ನೆಕ್ಕು ಮಾರಾಯ, ನೆಕ್ಕಿಬಿಡು. ಇಲಿ ನಾಲ್ಕು ಕಾಲೂರಿ ಕಲ್ಲಿನ ಹಾಗೆ ನಿಂತಿತ್ತು. ಹದಿನೆಂಟಕ್ಕೆ ಕಾಲು ಎತ್ತಿತು. ಎರಡನೆಯದು ಇಪ್ಪತ್ತು. ಮೂರನೆಯದು ಹತ್ತೊಂಬತ್ತು. ಉಳಿದವೂ ಹಾಗೆಯೇ. ಖಾಲಿ ವೈರಸ್ಸಿನ ಇಲಿಗಳು. ಒಳಗೆ ಏನೂ ಇಲ್ಲದವು.

ಊಟಕ್ಕೆ ಹೋಗಲಿಲ್ಲ. ಸ್ವೆಟರನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಲಾಕರಿನಲ್ಲಿಟ್ಟು, ಮೊಣಕೈವರೆಗೆ ಸೋಪು ಹಾಕಿ ತೊಳೆದು, ಬೇರೆ ಕೋಟು ಹಾಕಿ ನೀಲಿಯನ್ನು ಹಿಡಿದಳು. ಹನ್ನೊಂದು. ಹತ್ತು. ಹನ್ನೆರಡು. ಹತ್ತು. ಕೊನೆಯದು ಒಂಬತ್ತಕ್ಕೇ ಹಿಂಗಾಲು ಬಾಯಿಗಿಟ್ಟುಕೊಂಡಿತು. ಅದನ್ನೆತ್ತಿ ಅಂಗೈಯಲ್ಲಿ ಹಿಡಿದಾಗ ಅದು ಹೆದರದೆ ಅವಳ ಹೆಬ್ಬೆರಳು ಮೂಸಿತು.

ಜೀನ್ ಏನನ್ನೂ ತೆರೆದಿರಲಿಲ್ಲ. ಆರು ವರ್ಷ, ಲಕೋಟೆ, ಮೇಡಂ ಕನ್ನಡಕ, ಅಕ್ಕನ ಮೂರು ವಾರ, ಎಲ್ಲವೂ ಒಂದು ಬೂದು ಸ್ವೆಟರಿನ ಬೆವರು. ಎಲ್ಲ ಸೆಕೆಂಡುಗಳನ್ನೂ ಒಂದು ಚೀಟಿಯ ಮೇಲೆ ಗೀಚಿ ಪರ್ಸಿಗೆ ಹಾಕಿಕೊಂಡಳು. ಪುಸ್ತಕದ ಪುಟ ಖಾಲಿ ಬಿಟ್ಟಳು.

ಆದರೂ ಬಸ್ಸಿನಲ್ಲಿ ಅವಳಿಗೆ ಒಂದು ಬಗೆಯ ಧೈರ್ಯವೇ ಬಂದಿತ್ತು. ಶುಕ್ರವಾರಕ್ಕೆ ಇನ್ನೂ ಎರಡು ದಿನವಿದೆ. ಇಂದೇ ಅಕ್ಕನ ಮುಂದೆ ಕೂತು ಹೇಳಿಬಿಡಬೇಕು: ಅಕ್ಕ, ಔಷಧಿ ಇಲ್ಲ. ನಾನು ತಪ್ಪು ಮಾಡಿದೆ. ಸೂಜಿ ಹಾಕಿಸ್ಕೋ. ಬಚ್ಚಲಿಗೆ ನಾನು ಎತ್ಕೊಂಡು ಹೋಗ್ತೀನಿ. ನಾಲ್ಕು ಮಾತು. ಸ್ಟಾಪು ಬರುವಷ್ಟರಲ್ಲಿ ಇಪ್ಪತ್ತು ಸಲ ಹೇಳಿಕೊಂಡಿದ್ದಳು.

ಎರಡನೆಯ ಮಹಡಿಯ ತಿರುವಿನಲ್ಲಿ ಭಾವ ಮೆಟ್ಟಿಲ ಮೇಲೆ ಕೂತಿದ್ದ.

“ಯಾಕೆ ಇಲ್ಲಿ ಕೂತಿದೀರಾ? ಅಕ್ಕ?”

“ಮಲಗಿದಾಳೆ. ಅಂದ್ರೆ ಕಣ್ಣು ಮುಚ್ಚಿದಾಳೆ.” ಭಾವ ಪಕ್ಕಕ್ಕೆ ಸರಿದು ಜಾಗ ಮಾಡಿದ. “ಫೋನ್ ಬಂದಿತ್ತು. ನಿನ್ನೆಯ ರಕ್ತ ಸರಿಯಿಲ್ಲ. ಹೆಪ್ಪುಗಟ್ಟೋದೇನೋ ಅರ್ಧಕ್ಕರ್ಧ ಇಳಿದಿದೆಯಂತೆ. ಇನ್ನು ಬೆನ್ನಿಗೆ ಸೂಜಿ ಹಾಕೋ ಹಾಗಿಲ್ಲ ಅಂದ್ರು.”

“ಶುಕ್ರವಾರದ ತನಕ ಅಂದಿದ್ರು.”

“ಅದನ್ನೇ ಕೇಳಿದೆ. ರಕ್ತ ನಮ್ಮ ಶುಕ್ರವಾರ ನೋಡ್ಕೊಂಡು ಕೂರಲ್ಲ ಅಂದ್ರು. ಹೋದ ವಾರ ಬಂದಿದ್ರೆ ಮಾಡ್ಬಹುದಿತ್ತಂತೆ.”

ಕೆಳಗಿನ ಮನೆಯ ಟಿವಿಯಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದರು.

“ಹೋಗ್ಲಿ ಬಿಡು,” ಎಂದ ಭಾವ. “ಆ ಡಾಕ್ಟರಿಗೆ ಹೇಳ್ದೆ, ಪರವಾಗಿಲ್ಲ, ನಮ್ಮ ಮನೇಲೇ ಒಬ್ಬಳು ಔಷಧಿ ಮಾಡ್ತಿದಾಳೆ ಅಂತ. ಅವರಿಗೆ ಅದೆಲ್ಲ ಗೊತ್ತಾಗಲ್ಲ.” ಅವಳ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ನೋಡಿದ. “ಸ್ವೆಟರ್ ಯಾಕೆ ಕಟ್ಟಿಟ್ಟಿದೀಯಾ? ಹೊರಗೆ ಗಾಳಿ ಹೇಗೆ ಬೀಸ್ತಿದೆ.”

“ಸೆಖೆ ಆಯ್ತು.”

ಒಳಗೆ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಚಪ್ಪಲಿ ಬಿಟ್ಟ ಸದ್ದಿಗೆ, ತಿರುಗದೆಯೇ, “ಬಂದ್ಯಾ ಪುಟ್ಟಿ?” ಎಂದಳು.

“ಹ್ಞೂಂ.”

“ಭಾವ ಹೇಳಿದ್ರಾ?”

“ಹೇಳಿದ್ರು.”

“ಅಂತೂ ಕಾಲು ಉಳೀತು. ಇವತ್ತು ಕೊನೇ ಸುತ್ತು ಅಂದಿದ್ದೆ. ಏನಂದ್ವು ನಿನ್ನ ಮಕ್ಕಳು?”

ತಂಗಿಗೆ ಒಂದು ಉಪಕಾರವಾಗಿತ್ತು: ಅಕ್ಕ ಗೋಡೆಯ ಕಡೆ ನೋಡುತ್ತಿದ್ದಳು. “ನೋವು ಕಮ್ಮಿ ಅಂದ್ವು,” ಎಂದಳು.

“ನನ್ನ ಹೆಸರು ಕೇಳಿದ್ಯಾ?”

“ಬರ್ಸಿದೀನಿ.”

ಅಕ್ಕ ಹಿಂದಕ್ಕೆ ಕೈ ಚಾಚಿದಳು. ಅದು ಒದ್ದೆಯಾಗಿತ್ತು, ತಣ್ಣಗಿತ್ತು. ಆ ರಾತ್ರಿ ಟಿಕ್ ಎಂಬ ಸದ್ದು ಏಳು ಸಲ ಬಂತು. ತಂಗಿ ಒಂದಕ್ಕೂ ಬಾಯಿಬಿಡಲಿಲ್ಲ. ಮಲಗಿದಲ್ಲೇ ಎಣಿಸುತ್ತ, ಯಾರಿಗೆ ಹೇಳಬಹುದು ಎಂದೂ ಎಣಿಸಿದಳು. ಅಕ್ಕನಿಗೆ ಹೇಳಿದರೆ ಉಳಿದಿರುವ ದಿನಗಳನ್ನು ಅವಳು ಬರಿಗೈಯಲ್ಲಿ ಕಳೆಯಬೇಕು. ಭಾವನಿಗೆ ಹೇಳಿದರೆ, ಚಳಿಗೆಂದು ಹೊದಿಸಿದ ಸ್ವೆಟರೇ ಹೀಗೆ ಮಾಡಿತೆಂದು ತಿಳಿದ ಮೇಲೆ ಅವನು ಇನ್ನೆಂದೂ ಯಾರಿಗೂ ಏನನ್ನೂ ಹೊದಿಸಲಾರ. ಮೇಡಂಗೆ ಹೇಳಿದರೆ ಕೆಲಸ ಅಂದೇ ನಿಲ್ಲುತ್ತದೆ. ಅವಳು ಮಧ್ಯಾಹ್ನಕ್ಕೆ ಮನೆಗೆ ಬರುತ್ತಾಳೆ. ಅಕ್ಕ ಮುಖ ನೋಡುತ್ತಾಳೆ.

ಬೆಳಗ್ಗೆ ಬಾಗಿಲಲ್ಲಿ ಭಾವ, “ಎಷ್ಟು?” ಎಂದ. “ಏಳು,” ಎಂದಳು. ಅವನು ಸ್ವೆಟರು ಕಳಚಿದ. ಬೇಡ ಎಂದರೆ ಯಾಕೆ ಎನ್ನುತ್ತಾನೆ. ಹೆಗಲು ಕೊಟ್ಟಳು.

ನೆಲಮಾಳಿಗೆಗೆ ಇಳಿದು ಪರ್ಸಿನಿಂದ ಚೀಟಿ ತೆಗೆದಳು. ಪುಸ್ತಕದ ಖಾಲಿ ಪುಟದಲ್ಲಿ ತಲೆಬರಹ ಮೊದಲೇ ಇತ್ತು. ‘ಬೆಳಗ್ಗೆ, ನೀಲಿ’. ನಿನ್ನೆ ಬೆಳಗ್ಗೆ ಹಳದಿ ಇಲಿಗಳಿಂದ ಬಂದ ಸೆಕೆಂಡುಗಳನ್ನು ಬೆಳಗಿನ ಕಾಲಮ್ಮಿನಲ್ಲಿ ಬರೆದಳು: ಹದಿನೆಂಟು, ಇಪ್ಪತ್ತು, ಹತ್ತೊಂಬತ್ತು. ಮಧ್ಯಾಹ್ನದವನ್ನು ಮಧ್ಯಾಹ್ನದ ಕಾಲಮ್ಮಿನಲ್ಲಿ. ಒಂದು ಅಂಕಿಯನ್ನೂ ಬದಲಿಸಲಿಲ್ಲ. ಅಂಚಿನಲ್ಲಿ ಹಿಕ್ಕೆಯ ವಿಷಯ ಮಾತ್ರ ಬರೆಯಲಿಲ್ಲ. ಹಳೆಯ ಪುಟಗಳಿಗೆ ಹಿಂತಿರುಗಿ ಆ ಒಂಬತ್ತು ಪೆನ್ಸಿಲ್ ಸಾಲುಗಳನ್ನು ರಬ್ಬರಿನಿಂದ ಉಜ್ಜಿ, ಚೂರುಗಳನ್ನು ಅಂಗೈಗೆ ಕೊಡವಿಕೊಂಡಳು.

ಮೇಡಂ ಬಾಗಿಲಲ್ಲಿ ತಲೆ ಹಾಕಿದರು. “ಮುಗೀತಾ ಮೂರನೆಯದು? ಹೇಗಿದೆ?”

“ಮೊದಲಿನ ಹಾಗೇ ಇದೆ ಮೇಡಂ.”

“ನೀವು ನೋಡಿದ್ರೆ ಸರಿ. ನಾನು ಇನ್ನೊಂದು ಸಲ ನೋಡೋ ಅಗತ್ಯವಿಲ್ಲ,” ಎಂದು ಪುಸ್ತಕ ತೆಗೆದುಕೊಂಡು ಹೋದರು.

ಹಜಾರದಲ್ಲಿ ಇಲಿಮಾವ ತೊಳೆದ ಬಾಟಲಿಗಳನ್ನು ಬೋರಲು ಜೋಡಿಸುತ್ತಿದ್ದ. ಸ್ವೆಟರಿನ ಮೇಲೆ ಅವನ ಕಣ್ಣು ಹೋಯಿತು. “ನಿನ್ನೆ ಮಾತು ಮನಸ್ಸಿಗೆ ಹಾಕ್ಕೊಂಡ್ರೇನೋ ಅಂದ್ಕೊಂಡೆ ತಾಯಿ. ಊಟಕ್ಕೂ ಬರ್ಲಿಲ್ಲ. ಏನಾದ್ರೂ ಆಯ್ತಾ?”

ಅಂಗೈಯಲ್ಲಿ ರಬ್ಬರಿನ ಚೂರು ಇನ್ನೂ ಇದ್ದವು. ಇಷ್ಟು ವರ್ಷಗಳಲ್ಲಿ ಆ ಕಟ್ಟಡದಲ್ಲಿ ಯಾರಾದರೂ ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು. ಒಂದು ಮಾತು ನಾಲಿಗೆಯ ತುದಿಯವರೆಗೆ ಬಂತು. ಅಕ್ಕ ಇರುವವರೆಗೆ ಇಲ್ಲ, ಎಂದುಕೊಂಡಳು. ಆಮೇಲೂ ಇಲ್ಲ. ಯಾರಿಗೂ ಇಲ್ಲ.

“ಏನೂ ಆಗಿಲ್ಲ ಮಾವ,” ಎಂದು, ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದುಕೊಂಡಳು.